ಬಿಚ್ಚದ ಕರಡಿಗೆ

ಮಾರ್ಚ್ ೧೮, ಮಂಗಳವಾರ, ಸಿಂಧನೂರು

ಇದನ್ನು ಬರೆಯಲೇಬೇಕು. ಬರೆಯದಿದ್ದರೆ ತಲೆ ಕೆಟ್ಟೇ ಹೋಗುತ್ತದೆ.

ನಮ್ಮ ಮನೆಯವರು ನಿನ್ನೆ ನಸುಕಿನಲ್ಲಿ ಜವಳಗೇರಾದ ಗದ್ದೆಗೆ ನೀರು ನೋಡಿಬರುತ್ತೇನೆಂದು ಹೋದವರು ತಿರುಗಿ ಬಂದಿಲ್ಲ. ಇವತ್ತು ಬೆಳಿಗ್ಗೆ ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದ ಆ ಊರಿನ ಪೀರಮ್ಮ, ನೀರು ಬಿಡುವ ತೂಬಿನ ಕಬ್ಬಿಣದ ಚಕ್ರಕ್ಕೆ ಇವರ ಕರಡಿಗೆ ಜೋತುಬಿದ್ದಿದ್ದನ್ನು ಕಂಡಳಂತೆ. ಬೆಳ್ಳಿಯ ಗುಂಡು ಕರಡಿಗೆ, ಒಳಗೆ ಇಷ್ಟಲಿಂಗ. ಮದುವೆಯಾದ ಲಾಗಾಯ್ತು ಅದನ್ನು ಇವರ ಕೊರಳಲ್ಲಲ್ಲದೆ ಬೇರೆ ಕಡೆ ನಾನು ನೋಡಿಲ್ಲ. ಎಕ್ಸ್‌ರೇ ತೆಗೆಯುವಾಗ ಬಿಚ್ಚಿಡಿ ಎಂದ ನರ್ಸಿನ ಜೊತೆ ಜಗಳಕ್ಕೆ ನಿಂತ ಮನುಷ್ಯ. ನನ್ನ ಕೊರಳಲ್ಲೂ ಒಂದಿದೆ. ವಸ್ತ್ರದಲ್ಲಿ ಬಿಗಿಯಾಗಿ ಸುತ್ತಿಟ್ಟದ್ದು, ಓಡಿದರೂ ಒಳಗೆ ಅಲ್ಲಾಡದು. ಹಾಗೆ ಮೈಗೆ ಅಂಟಿಕೊಂಡೇ ಇರುವ ವಸ್ತು ಅದು. ಅದು ಚಕ್ರಕ್ಕೆ ಜೋತುಬಿದ್ದಿದೆ ಎಂದರೆ ಕೊರಳು ಎಲ್ಲಿದೆ?

ಪೀರಮ್ಮ ಅದನ್ನು ಮುಟ್ಟಲಿಲ್ಲ, ಕೂಗಿ ಜನ ಕರೆದಳು. ಮಸ್ಕಿಯಿಂದ ಮೈದುನ ಗುರುಬಸವ ಬಂದು, ಹೊಸ ವಸ್ತ್ರದಲ್ಲಿ ಹಿಡಿದು ತಂದು ನಮ್ಮ ದೇವರ ಜಗುಲಿಯ ಮೇಲೆ ಇಟ್ಟ. ಪೊಲೀಸ್ ಠಾಣೆಯ ಫೌಜದಾರರು ಮುಚ್ಚಳಕ್ಕೆ ಕೈ ಹಾಕುವವರಿದ್ದರು. ಗುರುಬಸವ ಅಡ್ಡ ಬಂದ.

"ಸಾಹೇಬ್ರ, ಬೇಕಾದಷ್ಟು ಫೋಟೊ ತಗೋರಿ. ಬಿಚ್ಚಬ್ಯಾಡ್ರಿ. ಒಬ್ಬರ ಲಿಂಗ ಇನ್ನೊಬ್ರು ಮುಟ್ಟಂಗಿಲ್ಲ."

ಫೌಜದಾರರೂ ಈ ಕಡೆಯವರೇ. ಕೈ ಹಿಂದಕ್ಕೆ ತೆಗೆದುಕೊಂಡರು.

ದಿನವಿಡೀ ಮನೆ ತುಂಬ ಜನ. ಅಡಿಕೆ ಡಬ್ಬಿಯ ಮುಚ್ಚಳ ತೆರೆದೇ ಬಿದ್ದಿದೆ, ಪೂಜೆಗೆಂದು ಆರಿಸಿ ಇಟ್ಟಿದ್ದ ಇಡೀ ಅಡಿಕೆಗಳಲ್ಲಿ ದಪ್ಪನೆಯದೇ ಮಾಯ. ಈ ಜನ ದುಃಖಕ್ಕೆ ಬಂದರೋ ಎಲೆ ಅಡಿಕೆಗೆ ಬಂದರೋ.

ಮಾರ್ಚ್ ೨೦, ಗುರುವಾರ

ಫೌಜದಾರ ಆನಂದಕುಮಾರ ಮತ್ತೆ ಬಂದಿದ್ದರು. ಚಹಾ ಕುಡಿಯುತ್ತ, "ವಾರಪತ್ರಿಕ್ಯಾಗ ಪತ್ತೇದಾರಿ ಧಾರಾವಾಹಿ ಬರೀತಿದ್ದ ಶೇಖರಮ್ಮ ಅಂದ್ರ ನೀವ ಏನ್ರಿ? ನಮ್ಮವ್ವ ಒಂದೂ ಬಿಡ್ತಿದ್ದಿಲ್ಲ" ಅಂದರು. ಇಂಥ ಹೊತ್ತಿನಲ್ಲೂ ಮನಸ್ಸು ಹಿಗ್ಗಿತು, ಸುಳ್ಳೇಕೆ ಬರೆಯಲಿ.

ಅವರ ಪ್ರಕಾರ ಇವರು ಕಾಲು ಜಾರಿ ಬಿದ್ದಿರಬೇಕು, ಇಲ್ಲವೇ ತಾವಾಗಿ ಜಿಗಿದಿರಬೇಕು. ತಾವಾಗಿ ಎಂಬ ಮಾತಿಗೆ ನನಗೆ ರೇಗಿತು. ಈ ಮನೆಯಲ್ಲಿ ಇವರಿಗೆ ಏನು ಕಡಿಮೆಯಾಗಿತ್ತು? ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಇಸ್ತ್ರಿ ಮಾಡಿದ ಅಂಗಿ, ಊಟದ ಜೊತೆಗೆ ನನ್ನ ಕಥೆ.

"ಕಾಲು ಜಾರೋ ಮನುಷ್ಯ ಮೊದಲ ಲಿಂಗ ತಗದು ಚಕ್ರಕ್ಕ ಹಾಕಿ ಆಮ್ಯಾಲ ಜಾರ್ತಾನೇನ್ರಿ? ಜಿಗಿಯೋ ಮನುಷ್ಯ ಲಿಂಗ ಬಿಟ್ಟು ಜಿಗೀತಾನೇನ್ರಿ?" ಎಂದು ಕೇಳಿದೆ.

ಫೌಜದಾರರು ಲೋಟ ಕೆಳಗಿಟ್ಟರು. "ಮತ್ತ ನಿಮ್ಮ ವಿಚಾರ ಏನ್ರಿ?"

ಅದನ್ನು ಅಲ್ಲಿ ಹಾಕಿದವರು ಬೇರೆ ಯಾರೋ ಅಂದೆ. ಇವರನ್ನು ನೀರಿಗೆ ನೂಕುವ ಧೈರ್ಯ ಅವನಿಗಿತ್ತು, ಲಿಂಗವನ್ನು ನೀರಿಗೆ ಹಾಕುವ ಧೈರ್ಯ ಇರಲಿಲ್ಲ. ಅಂದರೆ ನಮ್ಮ ನಡೆನುಡಿ ಬಲ್ಲವನು, ನಮ್ಮ ಮನೆಯ ಉಪ್ಪು ತಿಂದವನು.

ಕೊನೆಗೆ ಇವರನ್ನು ಕಂಡವನು ಹುಸೇನ್‌ಸಾಬ್. ನಮ್ಮ ಗದ್ದೆಯನ್ನು ಬಹಳ ವರ್ಷಗಳಿಂದ ಪಾಲಿಗೆ ಮಾಡುತ್ತಾನೆ. ಅವನು ಹೇಳುವುದು ಹೀಗೆ: "ಅಣ್ಣಾರ್ನ ಗಾಡಿ ಮ್ಯಾಲ ಕುಂದ್ರಿಸಿಕೊಂಡು ಹೊಂಟಿದ್ದೆ. ತೂಬಿನ ಹತ್ರ ನಿಲ್ಲಸು, ಮಾರಿ ತೊಳಕೊಂಡು ಬರ್ತೀನಿ ಅಂದ್ರು. ಇನ್ನಾ ಕತ್ತಲಿತ್ತು. ತಿರುಗಿ ಬಂದ್ರು. ಆಮ್ಯಾಲ ಜವಳಗೇರಾದಾಗ ರಾಯಚೂರು ಬಸ್ ಹತ್ತಿದ್ರು. ಕೈಯಾಗಿನ ಗಡಿಯಾರ ಬಿಚ್ಚಿ, ನೀ ಇಟಗೋ ಅಂದ್ರು."

ಲಿಂಗ ಬಿಟ್ಟು ಬಸ್ ಹತ್ತಿದರಂತೆ! ಗಡಿಯಾರ ದಾನ ಮಾಡಿದರಂತೆ! ಹೋದ ವಾರವಷ್ಟೇ ನೀರಿನ ಪಾಳಿಯ ಸಲುವಾಗಿ ಇಬ್ಬರೂ ದಂಡೆಯ ಮೇಲೆ ದನಿ ಏರಿಸಿದ್ದರು. ಅದನ್ನೂ ಹೇಳಿದೆ. ಫೌಜದಾರರು ಎಲ್ಲ ಬರೆದುಕೊಂಡರು. ಒಂದೊಂದೇ ಕೊಂಡಿ ಕೂಡಿಸುತ್ತ ಹೋದ ಹಾಗೆ ಎದೆ ಹಗುರಾಯಿತು. ಬಹಳ ದಿನದ ಮೇಲೆ ಕಥೆ ಕೈಗೆ ಹತ್ತಿತು.

ಮಾರ್ಚ್ ೨೩, ಭಾನುವಾರ

ಇವರ ಫೋನ್ ಮನೆಯಲ್ಲೇ ಉಳಿದಿದೆ. ಪೂಜೆಗೆ ಏಳಲೆಂದು ಇಟ್ಟುಕೊಂಡ ಅಲಾರಂ ದಿನಾ ನಸುಕಿನಲ್ಲಿ ಬಡಿದುಕೊಳ್ಳುತ್ತದೆ. ಬಂದ್ ಮಾಡಲು ಮನಸ್ಸಾಗುವುದಿಲ್ಲ, ನಾನೇ ಚಾರ್ಜಿಗೂ ಹಾಕುತ್ತೇನೆ. ಅದು ಬಡಿದ ಕೂಡಲೇ ಎದ್ದು, ಜಳಕ ಮುಗಿಸಿ, ಜಗುಲಿಯ ಮೇಲಿನ ಕರಡಿಗೆಗೆ ಹೊರಗಿನಿಂದಲೇ ವಿಭೂತಿ ಹಚ್ಚಿ ಹೂ ಏರಿಸುತ್ತೇನೆ.

ಇವತ್ತು ಒರೆಸಲೆಂದು ಎತ್ತಿದಾಗ ಒಳಗಿನಿಂದ ಸದ್ದು ಬಂತು. ಕಟಕ್.

ಕೆಳಗಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದೆ. ಕಟಕ್. ಒಳಗೆ ಯಾರೋ ಬೆರಳ ತುದಿಯಿಂದ ಬಡಿದ ಹಾಗೆ. ನನಗೆ ತಿಳಿಯದಂತೆಯೇ "ಏನ್ರಿ?" ಎಂದುಬಿಟ್ಟೆ. ಮೈಯ ಕೂದಲೆಲ್ಲ ನಿಂತಿತ್ತು, ಆದರೆ ಒಂಥರಾ ಸಮಾಧಾನವೂ ಆಯಿತು. ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದಾರೆ.

ಲಿಂಗಸೂಗೂರಿನಿಂದ ಬಂದಿರುವ ಮಗಳು ಅಮೂಲ್ಯಾಳಿಗೂ ಕೇಳಿಸಿದೆ. "ಯವ್ವಾ, ಲಿಂಗ ಹಿಂಗ ಸದ್ದು ಮಾಡೂದಿಲ್ಲ. ಒಮ್ಮೆ ಬಿಚ್ಚಿ ನೋಡೂಣೇನ?" ಅಂದಳು.

"ಕೈ ಮುರೀತೀನಿ" ಅಂದೆ. ಅಷ್ಟು ಗಟ್ಟಿಯಾಗಿ ಅನ್ನಬೇಕಾಗಿರಲಿಲ್ಲ. ಹುಡುಗಿ ಆಮೇಲೆ ಊಟ ಮಾಡಲಿಲ್ಲ.

ಮಾರ್ಚ್ ೨೭, ಗುರುವಾರ

ರೊಟ್ಟಿ ಬಡಿಯುವಾಗ ಒಂದು ಮಾತು ನೆನಪಾಯಿತು. ಏಕೆ ನೆನಪಾಯಿತೋ ಗೊತ್ತಿಲ್ಲ, ಮರೆಯುವ ಮೊದಲು ಬರೆದಿಡುತ್ತೇನೆ.

ಇವರು ಊಟಕ್ಕೆ ಕುಳಿತರೆ ನಾನು ಬರೆಯುತ್ತಿದ್ದ ಕಥೆ ಹೇಳುವುದು ನಮ್ಮ ಮನೆಯ ಪದ್ಧತಿ. ಇವರು ಕೇಳುವರು, ತಲೆ ಆಡಿಸುವರು, ಕೈ ತೊಳೆಯುವರು. ಪತ್ರಿಕೆ ನಿಂತು ಎಷ್ಟೋ ವರ್ಷವಾದರೂ ನಾನು ಹೇಳುವುದು ನಿಂತಿರಲಿಲ್ಲ. ಇವರಾಗಿ ಬಾಯಿ ಬಿಟ್ಟದ್ದು ಕಡಿಮೆ. ಈ ಸಂಕ್ರಾಂತಿಯ ಆಚೀಚೆ ಒಂದು ದಿನ ಮಾತ್ರ ತುತ್ತು ಹಿಡಿದುಕೊಂಡು ಕೇಳಿದರು.

"ಎಲ್ಲಾ ಕಣ್ಣ ಮುಂದ ಇಟ್ಟಿರ್ತಿ ನೀ. ಆದ್ರೂ ಓದೋರು ಹೆಂಗ ಮೋಸ ಹೋಗ್ತಾರ?"

ನನಗೆ ಎಲ್ಲಿಲ್ಲದ ಹುರುಪು. ನಮ್ಮ ಕಸುಬಿನ ಗುಟ್ಟನ್ನೇ ಬಿಚ್ಚಿ ಹೇಳಿದೆ. ಕತ್ತಲಲ್ಲಿ ಬಚ್ಚಿಟ್ಟದ್ದನ್ನು ಯಾರಾದರೂ ಹುಡುಕಿಯೇ ಹುಡುಕುತ್ತಾರೆ. ಬಚ್ಚಿಡಬಾರದು. ಜನ ಮರ್ಯಾದೆಗಾಗಿ ಕಣ್ಣು ತಿರುಗಿಸುವ ಜಾಗದಲ್ಲಿ ಬೆಳಕಿನಲ್ಲೇ ಇಡಬೇಕು. ಹೆಂಗಸರ ಸ್ನಾನದ ಮನೆ, ಬಾಣಂತಿಯ ಕೋಣೆ, ದೇವರ ಗೂಡು. ಅಲ್ಲಿ ನೋಡಬಾರದು ಅಂತ ಅವರೇ ತೀರ್ಮಾನ ಮಾಡಿರುತ್ತಾರೆ. ಕಥೆಗಾರ ಏನೂ ಮೋಸ ಮಾಡಬೇಕಾಗಿಲ್ಲ.

ಇವರು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಚೊಲೋ ಐತಿ" ಅಂದರು. ಮಜ್ಜಿಗೆ ಕೇಳಿದರು.

ರೊಟ್ಟಿ ಹೊತ್ತಿಹೋಯಿತು. ಇವತ್ತು ಕರಡಿಗೆಯನ್ನು ಎತ್ತುವಾಗ ಸದ್ದಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿದೆ.

ಮಾರ್ಚ್ ೨೯, ಶನಿವಾರ

ಹುಸೇನ್‌ಸಾಬನನ್ನು ಒಳಗೆ ಹಾಕಿದ್ದಾರೆ. ಗಡಿಯಾರ ಅವನ ಮನೆಯಲ್ಲೇ ಸಿಕ್ಕಿತು, ಬಚ್ಚಿಟ್ಟಿರಲಿಲ್ಲವಂತೆ, ಗೋಡೆಯ ಮೊಳೆಗೆ ನೇತುಹಾಕಿದ್ದ. ಆ ಬಸ್ಸಿನ ಕಂಡಕ್ಟರನಿಗೆ ಇವರ ಮುಖದ ನೆನಪಿಲ್ಲ. ಗುರುಬಸವ ಫೋನಿನಲ್ಲಿ, "ವೈನಿ, ನೀವು ಇಲ್ಲದಿದ್ರ ಇದು ಹೊರಗ ಬರ್ತಿದ್ದಿಲ್ಲ" ಅಂದ.

ನಾಳೆ ಯುಗಾದಿ. ನಮಗೆ ಹಬ್ಬವಿಲ್ಲ. ಎದುರಿನ ಮನೆಯವರು ಬೇವು ಕೊಡಲು ಬಂದು ಬಾಗಿಲಲ್ಲೇ ನಿಂತು ನನ್ನ ಹಣೆ ನೋಡಿದರು. ಕುಂಕುಮ ಇದೆ. ಇರಬೇಕೋ ಬೇಡವೋ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಏಪ್ರಿಲ್ ೪, ಶುಕ್ರವಾರ

ಹುಸೇನ್‌ಸಾಬನ ಹೆಂಡತಿ ಮಾಬೂಬಿ ಬಂದಿದ್ದಳು. ಬಯ್ಯುತ್ತಾಳೆ, ಅತ್ತು ಕರೆಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಪಡಸಾಲೆಯ ಕಂಬಕ್ಕೆ ಆತು ಕುಳಿತಳು. ನೀರು ಕೊಟ್ಟೆ, ಕುಡಿದಳು.

"ಅಕ್ಕಾರ, ಜಾಮೀನು ಸಿಗಂಗಿಲ್ಲ ಅಂತಾರ ವಕೀಲರು. ಕೊಲಿ ಕೇಸಂತ. ನಮ್ಮ ಮನ್ಯಾವ ಮೊದಲ ದಿನ ಏನು ಹೇಳ್ಯಾನೋ ಅದನ್ನ ಹೇಳಾಕತ್ಯಾನ. ಒಂದು ಮಾತು ಅದಲಬದಲ ಆಗಿಲ್ಲ."

ನಾನು ಖಾಲಿ ಲೋಟ ಎತ್ತಿಟ್ಟೆ.

"ನೀವು ಕಥಿ ಬರಿಯೋರು. ನನಗ ಅದೆಲ್ಲ ತಿಳಿಯಂಗಿಲ್ಲ. ಒಂದ ಸಲ, ಅವ ಹೇಳಿದ್ದು ಖರೇ ಅಂತ ಹಿಡಕೊಂಡು ಬರದು ನೋಡ್ರಿ. ಕಥಿ ಅಂತನ ಬರೀರಿ. ಎಲ್ಲಿಗೆ ಹೋಗಿ ಮುಟ್ಟತೈತಿ ನೋಡ್ರಿ."

ಹೋಗುವಾಗ ದೇವರ ಮನೆಯ ಕಡೆ ತಿರುಗಿ ಕೈ ಮುಗಿದಳು. ಅವಳ ನೆತ್ತಿಯ ಮೇಲಿನ ಸೆರಗು ಹಳೆಯದು, ನಾನೇ ಕೊಟ್ಟ ಸೀರೆ ಅದು.

ಏಪ್ರಿಲ್ ೫, ಶನಿವಾರ

ಸರಿ, ಕಥೆ ಅಂತಲೇ ಬರೆಯುತ್ತೇನೆ. ನನಗೇನು ಹೆದರಿಕೆ?

ಹುಸೇನ್‌ಸಾಬ್ ಹೇಳಿದ್ದು ನಿಜ ಎಂದು ಹಿಡಿಯೋಣ. ಆಗ ಇವರು ತೂಬಿನ ಹತ್ತಿರ ಇಳಿದು ಒಬ್ಬರೇ ದಂಡೆಗೆ ಹೋದರು. ಕರಡಿಗೆಯನ್ನು ಚಕ್ರಕ್ಕೆ ಹಾಕಿದವರು ಇವರೇ. ಬೆಳಕಾದ ಮೇಲೆ ನಾಲ್ಕು ಜನರ ಕಣ್ಣಿಗೆ ಬೀಳಲೆಂದೇ ಹಾಕಿದರು. ಫೋನ್ ಮನೆಯಲ್ಲಿ ಬಿಟ್ಟದ್ದೂ ಮರೆತು ಅಲ್ಲ. ಗಡಿಯಾರ ಕೊಟ್ಟದ್ದು ಪ್ರೀತಿಗೆ. ಅದು ಅವನಿಗೆ ಉರುಲಾಗುತ್ತದೆ ಎಂದು ಇವರಿಗೆ ಹೊಳೆದಿರಲಿಕ್ಕಿಲ್ಲ. ಏಕೆಂದರೆ ಇವರ ಕಥೆಯಲ್ಲಿ ಕೊಲೆಯೇ ಇರಲಿಲ್ಲ. ನೀರಿಗೆ ಬಿದ್ದರು ಎಂದು ಊರು ಅತ್ತು ಸುಮ್ಮನಾಗಬೇಕಿತ್ತು. ಕೊಲೆ ತಂದವರು ಬೇರೆ.

ಆದರೆ ಇವರು ಲಿಂಗ ಬಿಟ್ಟು ಹೋಗುವವರಲ್ಲ. ಪ್ರಾಣ ಬಿಟ್ಟಾರು, ಲಿಂಗ ಬಿಡರು. ಇದು ಕಥೆಗೆ ಕಟ್ಟಿದ ಮಾತಲ್ಲ, ಖರೇ ಮಾತು. ಹೋದದ್ದೂ ನಿಜ, ಬಿಡದೆ ಇರುವುದೂ ನಿಜ ಎಂದರೆ, ಆ ಕರಡಿಗೆಯ ಒಳಗೆ

ಏಪ್ರಿಲ್ ೬, ಭಾನುವಾರ

ಅಲಾರಂ ಬಡಿಯಿತು. ಹೂವನ್ನು ಬಾಗಿಲಿನಿಂದಲೇ ಎಸೆದೆ.

ಏಪ್ರಿಲ್ ೧೧, ಶುಕ್ರವಾರ

ಮೊನ್ನೆಯಿಂದ ಕಾಲುವೆಗೆ ನೀರು ಬಂದ್. ಇವತ್ತು ಜವಳಗೇರಾದ ಹತ್ತಿರ ತಳ ಕಂಡಿತು. ಫೌಜದಾರರು ಕರೆದರು, ಹೋಗಿದ್ದೆ.

ಇಡೀ ಬೆಳೆಗಾಲ ಭೋರೆಂದು ಹರಿಯುತ್ತಿದ್ದುದು ಸುಮ್ಮನೆ ಮಲಗಿತ್ತು. ಆ ಮೌನಕ್ಕೆ ಕಿವಿ ಗುಂಯ್‌ಗುಟ್ಟಿತು. ಕೆಸರಿನಲ್ಲಿ ಹಳೆಯ ಟಯರು, ಒಂದು ಸೈಕಲ್ಲು, ಯಾರದೋ ಕೊಡ. ಆಳುಗಳು ಕೋಲು ಹಿಡಿದು ಚುಚ್ಚುತ್ತ ಹೋದರು. ಒಂದು ಕಡೆ ಬಿಳಿ ಬಟ್ಟೆ ಕಂಡು ಎಲ್ಲರೂ ನಿಂತರು. ಎತ್ತಿದರೆ ಗೊಬ್ಬರದ ಚೀಲ.

ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಅದು ಇವರ ಧೋತರವಾಗಿರಬಾರದಿತ್ತೇ ಅನ್ನಿಸಿತು. ಅನ್ನಿಸಿದ್ದನ್ನು ಬರೆದೆ, ಅಷ್ಟೆ. ಇದರಲ್ಲಿ ತಪ್ಪೇನಿದೆ? ಸಿಕ್ಕಿದರೆ ಮಣ್ಣು ಮಾಡಬಹುದು, ಅಳಬಹುದು.

ಹೆಣ ಮುಂದೆ ಎಲ್ಲೋ ಹೋಗಿದೆ ಎಂದು ಫೌಜದಾರರು ಅಂದರು. ಗುರುಬಸವ ಅಲ್ಲಿಯೇ ನಿಶ್ಚಯ ಮಾಡಿದ. ದೇಹ ಸಿಗದಿದ್ದರೆ ಕರಡಿಗೆಯನ್ನೇ ದೇಹವೆಂದು ತಿಳಿದು, ಸೋಮವಾರ ಮಸ್ಕಿಯ ನಮ್ಮ ಹೊಲದಲ್ಲಿ, ನಮ್ಮ ಮಾವನವರ ಸಮಾಧಿಯ ಪಕ್ಕ ಇಟ್ಟುಬಿಡುವುದು. ಮಠದ ಅಯ್ಯನವರೂ ಒಪ್ಪಿದರು. ಫೋಟೊ, ಪಂಚನಾಮೆ ಎಲ್ಲ ಆಗಿದೆ, ಅಭ್ಯಂತರವಿಲ್ಲ ಎಂದು ಫೌಜದಾರರೂ ಅಂದರು.

"ನೀವು ಏನಂತೀರಿ ವೈನಿ?"

"ಆಗ್ಲಿ" ಅಂದೆ. ಬಾಯಿ ತಾನಾಗಿ ಅಂದಿತು.

ಏಪ್ರಿಲ್ ೧೩, ಭಾನುವಾರ, ಮಸ್ಕಿ

ನಾಳೆ ಮಣ್ಣು. ಕರಡಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಕಟಕ್, ಕಟಕ್. ಪಕ್ಕದ ಸೀಟಿನ ಹೆಂಗಸು ಒಮ್ಮೆ ತಿರುಗಿ ನೋಡಿ ಸರಿದು ಕುಳಿತಳು. ಅಮೂಲ್ಯಾ ಇಡೀ ದಾರಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವಳಿಗೂ ಗೊತ್ತಾಗಿದೆ. ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾಳೆ.

ಧಾರಾವಾಹಿ ಬರೆಯುವಾಗ ನನ್ನದೊಂದು ಚಾಳಿ ಇತ್ತು. ಪ್ರತಿ ವಾರವೂ ಮುಚ್ಚಿದ ಬಾಗಿಲ ಮೇಲೆ ಯಾರದಾದರೂ ಕೈ ಇಡಿಸಿ ನಿಲ್ಲಿಸುತ್ತಿದ್ದೆ. ತೆರೆಸುತ್ತಿರಲಿಲ್ಲ. ತೆರೆಯುವ ತನಕ ಆ ಬಾಗಿಲ ಹಿಂದೆ ಏನು ಬೇಕಾದರೂ ಇರಬಹುದು. ತೆರೆದ ಮೇಲೆ ಇದ್ದದ್ದು ಇರುತ್ತದೆ, ಅಷ್ಟೇ. ಓದುವವರು ಕಾಗದ ಬರೆದು ಬಯ್ಯುತ್ತಿದ್ದರು, ಮುಂದಿನ ವಾರ ಕಾದು ಪತ್ರಿಕೆ ಕೊಳ್ಳುತ್ತಿದ್ದರು. ಕಾಯುವವರ ಸಂಕಟ ಎಷ್ಟು ರುಚಿ ಅನ್ನಿಸುತ್ತಿತ್ತು ನನಗೆ.

ಈಗ ಕಾಯುತ್ತಿರುವವನು ಜೈಲಿನಲ್ಲಿದ್ದಾನೆ.

ಮುಚ್ಚಿಟ್ಟರೆ ನಾನು ಶಿವಶರಣಪ್ಪನವರ ಹೆಂಡತಿ, ದುಷ್ಟರು ಗಂಡನನ್ನು ಕೊಂದ ನತದೃಷ್ಟೆ, ಊರೆಲ್ಲ ಬಂದು ಕೈ ಹಿಡಿಯುತ್ತದೆ. ಬಿಚ್ಚಿದರೆ ನಾನು ಯಾರು? ಮಣ್ಣಿಗೆ ಹೋದ ಲಿಂಗವನ್ನು ಯಾರೂ ಅಗೆದು ನೋಡುವುದಿಲ್ಲ. ನಾಳೆ ಮಧ್ಯಾಹ್ನದ ಹೊತ್ತಿಗೆ ಈ ಕಥೆಗೆ ನಾನು ಹೇಳಿದ್ದೇ ಮುಕ್ತಾಯ.

ಏಪ್ರಿಲ್ ೧೪, ಸೋಮವಾರ

ಸಮಾಧಿಯ ಗುಣಿ ಚೆನ್ನಾಗಿ ತೆಗೆದಿದ್ದರು. ದೇಹವನ್ನು ಕೂರಿಸುವ ಗೂಡನ್ನೂ ಒಳಗೆ ಕೊರೆದಿದ್ದರು, ನಿಜವಾಗಿ ಯಾರೋ ಕೂಡುವವರಿದ್ದ ಹಾಗೆ. ಊರಿನ ಕಡೆಯಿಂದ ಜಯಂತಿ ಮೆರವಣಿಗೆಯ ಹಲಗೆಯ ಸದ್ದು ಬರುತ್ತಿತ್ತು. ಅಯ್ಯನವರು ಮಂತ್ರ ಹೇಳಿದರು. ಗುರುಬಸವ ಗುಣಿಗೆ ಇಳಿದು, ವಸ್ತ್ರ ಹಾಸಿದ ಎರಡೂ ಕೈ ಮೇಲಕ್ಕೆ ಚಾಚಿದ.

ಬದುವಿನ ಆಚೆ ಜಾಲಿ ಗಿಡದ ಕೆಳಗೆ ಮಾಬೂಬಿ ನಿಂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಕೂಗಲಿಲ್ಲ, ಹತ್ತಿರ ಬರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಕೊಡ್ರಿ ವೈನಿ" ಅಂದ ಗುರುಬಸವ.

ಕೊಡಲು ಬಾಗಿದೆ. ಕಟಕ್ ಅಂದಿತು. ಅಷ್ಟು ಜನರ ನಡುವೆ, ಅಷ್ಟು ಸ್ಪಷ್ಟವಾಗಿ. ಅಯ್ಯನವರ ಮಂತ್ರ ಒಂದು ಗಳಿಗೆ ತಡೆಯಿತು. ಗುರುಬಸವನ ಮುಖ ಬಿಳಿಚಿತು.

ನಾನು ನೆಟ್ಟಗೆ ನಿಂತು ಮುಚ್ಚಳ ತಿರುವಿದೆ. "ಏ ವೈನಿ!" ಎಂದು ಅವನು ಕೂಗಿದ್ದು ಕೇಳಿಸಿತು. ಮುಚ್ಚಳ ಬಿಗಿಯಾಗಿತ್ತು, ಸೆರಗಿನಲ್ಲಿ ಹಿಡಿದು ತಿರುವಿದೆ.

ನನ್ನ ಅಂಗೈಗೆ ಒಂದು ಇಡೀ ಅಡಿಕೆ ಉರುಳಿತು.

"ಇದೇನ್ರಿ ಇದು?" ಅಂದ ಗುರುಬಸವ.

"ನಮ್ಮ ಡಬ್ಬ್ಯಾಗಿನ ಅಡಕಿ" ಅಂದೆ. "ದಪ್ಪಂದ ಆರಿಸಿಕೊಂಡು ಹೋಗ್ಯಾರ. ಕರಡಿಗಿ ಹಗುರ ಅನ್ನಿಸಬಾರದಂತ."

"ಮತ್ತ ಲಿಂಗ ಎಲ್ಲಿ?"

"ಅವರ ಕೊರಳಾಗ ಐತಿ. ವಸ್ತ್ರದಾಗ ಕಟಗೊಂಡು ಹೋಗ್ಯಾರ."

ಬೆಳಗಿನಿಂದ ನನ್ನ ತೋಳು ಹಿಡಿದೇ ಇದ್ದ ಹೆಂಗಸು ಕೈ ಬಿಟ್ಟಳು. ಕಣ್ಣುಗಳಲ್ಲಿ ಇದ್ದ ಮರುಕ ಹೋಗಿ ಬೇರೇನೋ ಬರುವುದನ್ನು ನಾನು ಒಂದೊಂದೇ ಮುಖದಲ್ಲಿ ನೋಡಿದೆ. ಮಾಬೂಬಿ ಮಾತ್ರ ನಿಂತಲ್ಲೇ ಕುಸಿದು, ನೆಲಕ್ಕೆ ಹಣೆ ಹಚ್ಚಿದಳು. ಅಮೂಲ್ಯಾ ಬಂದು ನನ್ನ ಪಕ್ಕ ನಿಂತು, "ನಡಿ ಯವ್ವಾ, ಫೌಜದಾರರ ಕಡೆ ಹೋಗೂಣು" ಅಂದಳು.

ಖಾಲಿ ಗುಣಿಯನ್ನು ಮುಚ್ಚಬೇಕೋ ಬೇಡವೋ ಎಂದು ಆಳುಗಳು ಕೇಳುತ್ತಿದ್ದರು.

ಏಪ್ರಿಲ್ ೨೪, ಗುರುವಾರ, ಸಿಂಧನೂರು

ಹುಸೇನ್‌ಸಾಬ್ ಹೊರಗೆ ಬಂದಿದ್ದಾನೆ. ರಾಯಚೂರು ರೈಲ್ವೆ ಸ್ಟೇಷನ್ನಿನ ಕ್ಯಾಮೆರಾದಲ್ಲಿ ಆ ದಿನದ್ದು ಸಿಕ್ಕಿತಂತೆ, ಬಿಳಿ ಅಂಗಿ, ಕೈಯಲ್ಲಿ ಚೀಲ, ಕೊರಳಲ್ಲಿ ವಸ್ತ್ರದ ಗಂಟು. ನೋಡುತ್ತೀರಾ ಎಂದು ಫೌಜದಾರರು ಕೇಳಿದರು. ಬೇಡ ಅಂದೆ. ಕರಡಿಗೆಯನ್ನು ಅವರೇ ಇಟ್ಟುಕೊಂಡರು. ಅಡಿಕೆಯ ಫೋಟೊ ತೆಗೆದು ನನಗೆ ಮರಳಿ ಕೊಟ್ಟರು.

ಇವತ್ತು ಹುಸೇನ್‌ಸಾಬ್ ಮನೆಗೆ ಬಂದ. ಸೊರಗಿದ್ದಾನೆ. ಒಳಗೆ ಬಾ ಅಂದೆ, ಬರಲಿಲ್ಲ. ಗಡಿಯಾರವನ್ನು ಹೊಸ್ತಿಲ ಮೇಲೆ ಇಟ್ಟ. ತಪ್ಪಾಯಿತು ಅಂದೆ. ಅವನು ತಿರುಗಿ ಮೆಟ್ಟಿಲು ಇಳಿಯತೊಡಗಿದ.

"ಬಸ್ ಹತ್ತೂ ಮುಂದ ಏನರ ಅಂದ್ರೇನು?" ಕೇಳಿದೆ. ಕೇಳಬಾರದಿತ್ತು.

"ಏನಿಲ್ರಿ. ದಾರಿ ಉದ್ದಕ್ಕ ಮಾತಾಡಿದ್ರು. ಸಣ್ಣವರಿದ್ದಾಗ ತುಂಗಭದ್ರಾದಾಗ ಈಜಿದ್ದು, ಅವರವ್ವ ಮಾಡ್ತಿದ್ದ ಹುಗ್ಗಿ, ಏನೇನೋ. ಅಷ್ಟು ಮಾತಾಡೋರು ಅಂತ ನನಗ ಗೊತ್ತ ಇದ್ದಿಲ್ಲ."

ಅವನು ಹೋದ ಮೇಲೆ ಫೋನಿನ ಅಲಾರಂ ಬಂದ್ ಮಾಡಿದೆ. ರೊಟ್ಟಿ ಹಾಕಿಕೊಂಡು ಒಬ್ಬಳೇ ಕುಳಿತೆ. ಎದುರಿಗೆ ಇವರ ಮಣೆ ಇತ್ತು. ಊಟದ ಹೊತ್ತಿಗೆ ಬಾಯಿ ರೂಢಿಯಂತೆ ತೆರೆಯಿತು, ಮುಚ್ಚಿದೆ. ಹುಗ್ಗಿ ಇಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ.

ಊಟದ ಮೇಲೆ ಆ ಅಡಿಕೆಯನ್ನು ಕತ್ತರಿಸಿ ಬಾಯಿಗೆ ಹಾಕಿಕೊಂಡೆ. ವಿಭೂತಿಯ ವಾಸನೆ ಹತ್ತಿತ್ತು. ಬಹಳ ಹೊತ್ತು ಅಗಿಯುತ್ತ, ಏನೂ ಹೇಳದೆ ಮಣೆಯನ್ನು ನೋಡುತ್ತ ಕುಳಿತಿದ್ದೆ.